ಹಳೆಯ ಇಟಾಲಿಯನ್ ರೇಸಿಂಗ್ ಫ್ರೇಮ್: ಅಸಲಿಯೇ, ಯಾವ ಕಾಲದ್ದು ಎಂದು ಪತ್ತೆ ಹಚ್ಚುವ ಬಗೆ

ಇಟಲಿಯ ಹಳೆಯ ರೇಸಿಂಗ್ ಫ್ರೇಮ್ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣ ಮತ್ತು ಹೆಸರು. ನಂಬಬೇಕಾದ ಸಾಕ್ಷಿಗಳ ಸಾಲಿನಲ್ಲಿ ಅವೆರಡಕ್ಕೂ ಹಿಂದಿನ ಜಾಗ. ಕೊಲ್ನಾಗೊ, ಚಿನೆಲ್ಲಿ, ಮಾಸಿ, ದೆ ರೋಸಾ ಎಂಬ ಹೆಸರಾಂತ ತಯಾರಕರ ಹೆಸರಿನ ಸ್ಟಿಕ್ಕರ್‌ಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ. ಹಳೆಯ ಫ್ರೇಮನ್ನು ಮೊದಲಿನಂತೆ ಮಾಡಲು ಹೊರಟವರಿಗಾಗಿ ಅವು ತಯಾರಾದದ್ದು ನಿಜ. ಆದರೆ ಊರು ಹೆಸರಿಲ್ಲದ ಫ್ರೇಮಿನ ಮೇಲೂ ಅವು ಅಷ್ಟೇ ಚೆನ್ನಾಗಿ ಅಂಟುತ್ತವೆ. ಹಾಗಾಗಿ ಪರೀಕ್ಷೆಯ ಕ್ರಮ ಹೀಗಿರಲಿ: ಉಕ್ಕು ಮೊದಲು, ಬಣ್ಣ ಆಮೇಲೆ, ಗೇರು, ಬ್ರೇಕು, ಚಕ್ರದ ನಡುವಿನ ಹಬ್ಬುಗಳು ಕೊನೆಗೆ.

ಕಾಲ ನಿರ್ಣಯಕ್ಕೆ ಒಂದೇ ಸೂತ್ರ. ಫ್ರೇಮಿನ ಮೇಲಿರುವ ಮೂಲ ಗುರುತುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಫ್ರೇಮ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹತ್ತು ಗುರುತುಗಳು 1972 ಎನ್ನುತ್ತಿದ್ದು, ಕಾರ್ಖಾನೆಯಲ್ಲೇ ಬೆಸೆದ ಒಂದೇ ಒಂದು ತುಣುಕು 1982 ಎಂದರೂ ಗೆಲ್ಲುವುದು ಆ ಒಂದೇ. ಉಳಿದ ಶ್ರಮವೆಲ್ಲ ಆ ತುಣುಕು ಮೊದಲಿನಿಂದ ಇತ್ತೋ ಆಮೇಲೆ ಬಂತೋ ಎಂದು ತಿಳಿಯುವುದಕ್ಕೆ.

ವರ್ಷ ತಿಳಿಯುವುದು ಸಂಗ್ರಹಕಾರರ ಖುಷಿಗೆ ಮಾತ್ರ ಅಲ್ಲ. ಟಸ್ಕನಿಯ ಗಯೋಲೆ ಇನ್ ಕಿಯಾಂತಿಯಲ್ಲಿ 1997ರಿಂದ ನಡೆಯುತ್ತಿರುವ ಎರೋಯಿಕಾ ಸವಾರಿಯ ನಿಯಮದಲ್ಲಿ 1987 ಗಡಿಯ ವರ್ಷ. ಅದಕ್ಕಿಂತ ಮೊದಲು ತಯಾರಾದ, ಗೇರ್ ಲಿವರ್ ಡೌನ್ ಟ್ಯೂಬ್ (ಹ್ಯಾಂಡಲ್ ಬುಡದಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಮೇಲಿರುವ ರೇಸಿಂಗ್ ಸೈಕಲ್ಲುಗಳೇ ಅದರ ತಿರುಳು. ಮಾರುವವರು ಹೇಳುವ ವರ್ಷವನ್ನು ನಂಬಿ ಹಣ ಕೊಡುವ ಮೊದಲು ಈ ಗಡಿಯ ಯಾವ ಬದಿಗೆ ಫ್ರೇಮ್ ನಿಲ್ಲುತ್ತದೆ ಎಂದಾದರೂ ಖಚಿತವಾಗಿ ಗೊತ್ತಿರಬೇಕು.

ಕೈಗೆ ಬೇಕಾದ್ದು

0.05 ಮಿ.ಮೀ. ವರೆಗೆ ಓದುವ ವರ್ನಿಯರ್ ಕ್ಯಾಲಿಪರ್, ಥ್ರೆಡ್ ಗೇಜ್ (24 ಮತ್ತು 26 ಟಿಪಿಐ, ಅಂದರೆ ಇಂಚಿಗೆ ಅಷ್ಟು ಥ್ರೆಡ್ ಸುತ್ತು, ಜೊತೆಗೆ 1 ಮಿ.ಮೀ. ಪಿಚ್ಚಿನ ಎಲೆಗಳಿರುವುದು), ಬೆರಳು ಗಾತ್ರದ ಟಾರ್ಚು, ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿ, ಸಣ್ಣ ಅಯಸ್ಕಾಂತ, ಮಾರುದ್ದ ದಾರ, ಸ್ಟೀಲ್ ಸ್ಕೇಲು, ತೂಕದ ಯಂತ್ರ. ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚಿನ ಬೇರಿಂಗ್) ಮತ್ತು ಹೆಡ್‌ಸೆಟ್ (ಹ್ಯಾಂಡಲ್ ಬುಡದ ಬೇರಿಂಗ್) ಬಿಚ್ಚುವ ಸ್ಪ್ಯಾನರ್‌ಗಳು. ಒರೆಸಲು ಬಟ್ಟೆ, ಸೋಪು ನೀರು. ಥಿನ್ನರ್, ಅಸಿಟೋನ್ ಹತ್ತಿರ ಬರಕೂಡದು: ಹಳೆಯ ಸ್ಟಿಕ್ಕರ್ ಮತ್ತು ಅದರ ಮೇಲಿನ ವಾರ್ನಿಶ್ ಒಂದೇ ಒರಸಿಗೆ ಹೋಗಿಬಿಡುತ್ತವೆ, ಅವುಗಳ ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಏನನ್ನೂ ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಕ್ಲಿಪ್ಪು ಎಲ್ಲಿ ಕೂತಿತ್ತು, ಅದರಡಿ ಬಣ್ಣ ಹೇಗಿತ್ತು ಎಂಬುದು ಆಮೇಲೆ ಬೇಕಾಗುತ್ತದೆ.

ಮೊದಲ ಹೆಜ್ಜೆ: ಬಾಟಮ್ ಬ್ರಾಕೆಟ್ ಶೆಲ್

ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲ್ ಅಚ್ಚು ಕೂರುವ ಶೆಲ್ಲಿನ ಅಗಲ ಅಳೆಯಿರಿ. ಇಟಾಲಿಯನ್ ಪದ್ಧತಿಯಲ್ಲಿ ಅದು 70 ಮಿ.ಮೀ. ಬ್ರಿಟಿಷ್ ಮತ್ತು ಫ್ರೆಂಚ್ ಪದ್ಧತಿಯಲ್ಲಿ 68. ಈ ಎರಡು ಮಿಲಿಮೀಟರ್ ವ್ಯತ್ಯಾಸವೇ ಮೊದಲ ಜರಡಿ.

ನಂತರ ಥ್ರೆಡ್. ಶೆಲ್ಲಿನೊಳಕ್ಕೆ ತಿರುಗಿಸಿ ಕೂರಿಸುವ ಬೇರಿಂಗ್ ಬಟ್ಟಲಿಗೆ ‘ಕಪ್ಪು’ ಎಂದು ಹೆಸರು. ಇಟಾಲಿಯನ್ ಕಪ್ಪಿನ ಹೊರ ವ್ಯಾಸ 36 ಮಿ.ಮೀ., 24 ಟಿಪಿಐ. ಎಡ ಬಲ ಎರಡೂ ಕಡೆ ಸಾಮಾನ್ಯ ಬಲಗೈ ಥ್ರೆಡ್. ಬ್ರಿಟಿಷ್‌ನಲ್ಲಿ 1.37 ಇಂಚು, ಅಂದರೆ ಸುಮಾರು 34.8 ಮಿ.ಮೀ., ಟಿಪಿಐ ಅದೇ 24, ಆದರೆ ಚೈನಿನ ಕಡೆ ಎಡಗೈ ಥ್ರೆಡ್. ಫ್ರೆಂಚ್‌ನಲ್ಲಿ 35 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್, ಎರಡೂ ಕಡೆ ಬಲಗೈ. ಕಪ್ಪು ತೆಗೆದ ಖಾಲಿ ಶೆಲ್ಲಿನ ಒಳ ವ್ಯಾಸವನ್ನು ಥ್ರೆಡ್ಡಿನ ತುದಿಯಿಂದ ತುದಿಗೆ ಅಳೆದರೆ ಇಟಾಲಿಯನ್‌ಗೆ 34.9ರ ಆಸುಪಾಸು, ಬ್ರಿಟಿಷ್‌ಗೆ 33.7ರ ಆಸುಪಾಸು ಬರುತ್ತದೆ. ಇಟಲಿಯ ಬಿಡಿಭಾಗ ತಯಾರಕ ಕಂಪಾನ್ಯೊಲೊದ ಹಳೆಯ ಕಪ್ಪುಗಳ ಮುಖದ ಮೇಲೆಯೇ ‘36x24’ ಎಂದು ಕೊರೆದಿರುತ್ತದೆ. ಕಪ್ಪು ಬಿಚ್ಚಲು ಆಗದಿದ್ದರೆ ಅದನ್ನೇ ಓದಿ.

ಬಿಚ್ಚುವಾಗ ಎಚ್ಚರ. ಇಟಾಲಿಯನ್ ಫ್ರೇಮಿನಲ್ಲಿ ಬಲಗಡೆಯ ಕಪ್ಪು ಸಡಿಲವಾಗುವುದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ. ಬ್ರಿಟಿಷ್ ಫ್ರೇಮುಗಳಿಗೆ ಒಗ್ಗಿದ ಕೈ ಅದನ್ನು ಉಲ್ಟಾ ತಿರುಗಿಸಿ ಇನ್ನಷ್ಟು ಬಿಗಿಮಾಡುತ್ತದೆ, ಕೊನೆಗೆ ಸ್ಪ್ಯಾನರ್ ಜಾರಿ ಕಪ್ಪಿನ ಅಂಚು ಸವೆಯುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಂಗಡಿಗೆ ಕೊಡುವುದಾದರೆ ‘ಇದು ಇಟಾಲಿಯನ್ ಥ್ರೆಡ್, ಎರಡೂ ಕಡೆ ಬಲಗೈ’ ಎಂದು ಚೀಟಿ ಬರೆದು ಫ್ರೇಮಿಗೇ ಕಟ್ಟಿ. ಈಗಿನ ಸೈಕಲ್ಲುಗಳ ಥ್ರೆಡ್ ಶೆಲ್ಲುಗಳು ಹೆಚ್ಚಾಗಿ ಬ್ರಿಟಿಷ್ ಪದ್ಧತಿಯವು. ಮೆಕ್ಯಾನಿಕ್ ಅಭ್ಯಾಸಬಲದಿಂದ ಕೈ ಹಾಕುವ ಸಂಭವ ಹೆಚ್ಚು.

ಈಗ ಮುಖ್ಯವಾದ ಬಲೆ. 36x24 ಥ್ರೆಡ್ ಇದ್ದ ಮಾತ್ರಕ್ಕೆ ಫ್ರೇಮ್ ಇಟಲಿಯದ್ದಾಗುವುದಿಲ್ಲ. ಬ್ರಿಟಿಷ್ ಅಥವಾ ಫ್ರೆಂಚ್ ಶೆಲ್ಲಿನ ಥ್ರೆಡ್ ಕೆಟ್ಟಾಗ ಅದನ್ನು ಕೊರೆದು ದೊಡ್ಡದು ಮಾಡಿ ಇಟಾಲಿಯನ್ ಥ್ರೆಡ್ ಹಾಕುವುದು ಜಗತ್ತಿನಾದ್ಯಂತ ನಡೆದುಬಂದ ದುರಸ್ತಿ. ಇಂಥ ಫ್ರೇಮಿನಲ್ಲಿ ಥ್ರೆಡ್ 36 ಇದ್ದರೂ ಅಗಲ 68 ಇರುತ್ತದೆ. ಎರಡೂ ಅಳತೆ ಹೊಂದಿಕೊಂಡರೆ ಮಾತ್ರ ಮುಂದಕ್ಕೆ ಹೋಗಿ. ಇದರ ತಿರುಗುಮುರುಗೂ ಉಂಟು: ರಫ್ತಿಗಾಗಿ ಬ್ರಿಟಿಷ್ ಥ್ರೆಡ್ಡಿನೊಂದಿಗೆ ತಯಾರಾದ ಅಸಲಿ ಇಟಾಲಿಯನ್ ಫ್ರೇಮುಗಳಿವೆ. ಆದ್ದರಿಂದ 68 ಕಂಡ ಕೂಡಲೇ ಫ್ರೇಮನ್ನು ಪಕ್ಕಕ್ಕಿಡಬೇಡಿ, ಉಳಿದ ಸಾಕ್ಷಿ ಹೆಚ್ಚು ಬಲವಾಗಿ ಬೇಕು ಎಂದಷ್ಟೇ ಗುರುತು ಹಾಕಿಕೊಳ್ಳಿ.

ಶೆಲ್ಲಿನ ತಳದಲ್ಲಿ ಒತ್ತಿರುವ ಅಂಕಿಗಳನ್ನು ಅವಸರದಲ್ಲಿ ಸೀರಿಯಲ್ ನಂಬರ್ ಎಂದುಕೊಳ್ಳಬೇಡಿ. ಸಣ್ಣ ಇಟಾಲಿಯನ್ ಕಾರ್ಯಾಗಾರಗಳು ಬಹಳ ಕಾಲ ಸೀರಿಯಲ್ ನಂಬರ್ ಹಾಕಲೇ ಇಲ್ಲ. ಇರುವ ಎರಡಂಕಿ ಬರೀ ಫ್ರೇಮಿನ ಅಳತೆ. ‘56’ ಎಂದಿದ್ದರೆ ಅದು 1956 ಅಲ್ಲ, 56 ಸೆಂಟಿಮೀಟರ್. ಸೀಟ್ ಟ್ಯೂಬ್ (ಸೀಟಿನಿಂದ ಶೆಲ್ಲಿಗೆ ಇಳಿಯುವ ಕೊಳವೆ) ಅಳೆದು ತಾಳೆ ನೋಡಿ. ಕೊಲ್ನಾಗೊ ಶೆಲ್ಲಿನ ನಡುವಿನಿಂದ ಸೀಟ್ ಟ್ಯೂಬ್ ತುದಿಯವರೆಗೆ ಅಳೆಯುತ್ತಿದ್ದರೆ, ಇಟಲಿಯ ಬೇರೆ ಅನೇಕರು ಟಾಪ್ ಟ್ಯೂಬಿನ (ಮೇಲಿನ ಅಡ್ಡ ಕೊಳವೆಯ) ನಡುವಿನವರೆಗೆ ಅಳೆಯುತ್ತಿದ್ದರು. ಎರಡೂ ರೀತಿಯಲ್ಲಿ ಅಳೆದು, ಒತ್ತಿದ ಅಂಕಿಗೆ ಯಾವುದು ಕೂಡುತ್ತದೆ ನೋಡಿ. ಯಾವುದೂ ಕೂಡದಿದ್ದರೆ ಅನುಮಾನಕ್ಕೆ ಕಾರಣವಿದೆ.

ಎರಡನೆಯದು: ಕೊಳವೆ

ಇಟಲಿಯ ಒಳ್ಳೆಯ ಫ್ರೇಮುಗಳ ಬಹುಪಾಲು ಮಿಲಾನಿನ ಕೊಲಂಬಸ್ ಕೊಳವೆಯವು. ಆಂಜೆಲೊ ಲುಯಿಜಿ ಕೊಲಂಬೊ 1919ರಲ್ಲಿ ಶುರುಮಾಡಿದ ಕಾರ್ಖಾನೆ ಅದು. ಪಾರಿವಾಳದ ಚಿತ್ರದ ಸ್ಟಿಕ್ಕರ್ ಇದ್ದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಕೊಲಂಬಸ್ ಕೊಳವೆಯಿಂದ ಬೆಲ್ಜಿಯಂ, ಅಮೆರಿಕದವರೂ ಫ್ರೇಮ್ ಕಟ್ಟಿದ್ದಾರೆ. ಅತ್ತ ಇಟಲಿಯಲ್ಲೇ ಇಂಗ್ಲೆಂಡಿನ ರೆನಾಲ್ಡ್ಸ್ 531 ಬಳಸಿದವರೂ ಇದ್ದಾರೆ.

ಸ್ಟಿಕ್ಕರ್ ಇಲ್ಲದೆಯೂ ಕೊಳವೆಯ ದರ್ಜೆ ತಿಳಿಯಬಹುದು. ಸೀಟ್ ಟ್ಯೂಬಿನ ಹೊರ ವ್ಯಾಸ 28.6 ಮಿ.ಮೀ. ಕೊಲಂಬಸ್ ಎಸ್‌ಎಲ್‌ನ ಸೀಟ್ ಟ್ಯೂಬ್ ಮೇಲ್ತುದಿಯಲ್ಲಿ 0.6 ಮಿ.ಮೀ. ದಪ್ಪ, ಎರಡು ಗೋಡೆಯ 1.2 ಕಳೆದರೆ 27.4 ಉಳಿಯುತ್ತದೆ, ಅದರೊಳಗೆ 27.2ರ ಸೀಟ್ ಪೋಸ್ಟ್ ಸಲೀಸಾಗಿ ಇಳಿಯುತ್ತದೆ. ಎಸ್‌ಪಿ ಇನ್ನೂ ದಪ್ಪ, 0.7, ಹಾಗಾಗಿ ಅದಕ್ಕೆ 27.0. ಎಸ್‌ಪಿಯನ್ನು ದೊಡ್ಡ ಅಳತೆಯ ಫ್ರೇಮಿಗೆ, ಭಾರದ ಸವಾರರಿಗೆ ಬಳಸುತ್ತಿದ್ದರು. 26.8 ಅಥವಾ ಅದಕ್ಕೂ ಸಣ್ಣ ಪೋಸ್ಟ್ ಬೇಡುವ ಫ್ರೇಮಿನ ಮೇಲೆ ಎಸ್‌ಎಲ್ ಸ್ಟಿಕ್ಕರ್ ಇದ್ದರೆ ಎರಡರಲ್ಲೊಂದು: ಕೊಳವೆ ಅಗ್ಗದ್ದು, ಇಲ್ಲವೇ ಲಗ್ಗಿನ (ಕೊಳವೆಗಳನ್ನು ಕೂಡಿಸುವ ಲೋಹದ ತೋಳಿನ) ಬಾಯಿ ಕಿರಿದಾಗಿದೆ. ಸಣ್ಣ ಪೋಸ್ಟ್ ಹಾಕಿ ಬೋಲ್ಟ್ ಬಿಗಿದರೆ ಬಾಯಿ ಒಳಕ್ಕೆ ಬಾಗುತ್ತದೆ. ಆದ್ದರಿಂದ ಬಾಯಿಯಲ್ಲಿ ಮಾತ್ರ ಅಳೆಯದೆ, ಎರಡು ಸೆಂಟಿಮೀಟರ್ ಕೆಳಗೂ, ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಪೋಸ್ಟಿನ ಮೇಲೆ ಕೊರೆದ ಅಂಕಿಯನ್ನು ನಂಬಿ ಕೂರಬೇಡಿ; ಹಿಂದಿನ ಮಾಲೀಕರು ಸಿಕ್ಕಿದ್ದನ್ನು ತುರುಕಿರಬಹುದು.

ಈಗ ಖಾಲಿ ಶೆಲ್ಲಿನೊಳಗೆ ಟಾರ್ಚು ಬಿಡಿ. ಡೌನ್ ಟ್ಯೂಬ್ ಮತ್ತು ಸೀಟ್ ಟ್ಯೂಬಿನ ಒಳಗೋಡೆಯ ಮೇಲೆ ಸುರುಳಿಯಾಗಿ ಸಾಗುವ ಐದು ಏಣುಗಳು ಕಂಡರೆ ಅದು ಎಸ್‌ಎಲ್‌ಎಕ್ಸ್ ಅಥವಾ ಅದೇ ಕುಟುಂಬದ ದಪ್ಪ ಕೊಳವೆ ಎಸ್‌ಪಿಎಕ್ಸ್. ಇವು 1980ರ ದಶಕದ ಮಧ್ಯಭಾಗದಿಂದ ಈಚಿನ ಸರಕು. ಏಣು ಇಲ್ಲದೆ ನಯವಾಗಿದ್ದು, ಹೊರಗೆ ಎಸ್‌ಎಲ್‌ಎಕ್ಸ್ ಸ್ಟಿಕ್ಕರ್ ಇದ್ದರೆ ಸ್ಟಿಕ್ಕರ್ ಸುಳ್ಳು, ಇದರಲ್ಲಿ ಎರಡನೇ ಮಾತಿಲ್ಲ. ಕೊಳವೆಗಳಿಗೆ ಸಂಬಂಧಿಸಿದಂತೆ ಇಷ್ಟು ನೇರವಾಗಿ ಉತ್ತರ ಕೊಡುವ ಪರೀಕ್ಷೆ ಮತ್ತೊಂದಿಲ್ಲ. ಐದು ನಿಮಿಷದ ಕೆಲಸ, ತಪ್ಪದೇ ಮಾಡಿ. ಒಳಗೆ ತುಕ್ಕು ಗಟ್ಟಿಯಾಗಿ ಕೂತಿದ್ದರೆ ಒಣ ಬ್ರಷ್ಷಿನಿಂದ ತಿಕ್ಕಿ ನೋಡಿ.

ತೂಕವನ್ನೂ ಬರೆದಿಡಿ. ಎಸ್‌ಎಲ್ ಕೊಳವೆಯ ಮಧ್ಯಮ ಅಳತೆಯ ಫ್ರೇಮ್, ಫೋರ್ಕ್ (ಮುಂಚಕ್ರ ಹಿಡಿಯುವ ಕವಲು) ಬಿಟ್ಟು, ಸುಮಾರು ಎರಡು ಕಿಲೋ ತೂಗುತ್ತದೆ. ಎರಡೂವರೆ ಕಿಲೋ ತೂಗಿದರೆ ಮತ್ತೆ ಸೀಟ್ ಪೋಸ್ಟಿನ ಅಳತೆಗೆ ಹಿಂದಿರುಗಿ.

ಮೂರನೆಯದು: ಹಿಂಚಕ್ರ ಕೂರುವ ಡ್ರಾಪ್‌ಔಟ್

ವಿಚೆಂಜಾದ ಕಂಪಾನ್ಯೊಲೊ ಕಂಪನಿ 1933ರಲ್ಲಿ ಶುರುವಾದದ್ದು. ಒಳ್ಳೆಯ ಇಟಾಲಿಯನ್ ಫ್ರೇಮುಗಳ ಡ್ರಾಪ್‌ಔಟ್ ಮೇಲೆ ಆ ಹೆಸರು ಅಚ್ಚೊತ್ತಿರುತ್ತದೆ. ಬಣ್ಣ ದಪ್ಪವಾಗಿ ಕೂತಿದ್ದರೆ ಅಕ್ಷರ ಮುಚ್ಚಿಹೋಗಿರುತ್ತದೆ, ಓರೆಯಾಗಿ ಬೆಳಕು ಬಿಟ್ಟು ನೋಡಿ.

ಸೀಳಿನೊಳಗೆ ಹಲ್ಲು ಹಲ್ಲಾಗಿ ಕೊರೆದಿದ್ದರೆ ಅದು 1940ರ ದಶಕ ಮತ್ತು 50ರ ದಶಕದ ಮೊದಲ ವರ್ಷಗಳ ಕಾಂಬಿಯೊ ಕೋರ್ಸಾ ಅಥವಾ ಪ್ಯಾರಿಸ್-ರೂಬೆ ಗೇರಿನ ಕಾಲ. ಗೇರ್ ಬದಲಿಸಲು ಚಕ್ರವೇ ಆ ಹಲ್ಲುಗಳ ಮೇಲೆ ಹಿಂದೆ ಮುಂದೆ ಉರುಳುತ್ತಿತ್ತು. 1951ರ ಸುಮಾರಿಗೆ ಗ್ರಾನ್ ಸ್ಪೋರ್ಟ್ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಮಾರುಕಟ್ಟೆಗೆ ಬಂದ ಮೇಲೆ ಹಲ್ಲು ಮಾಯವಾಗಿ, ಡಿರೇಲರ್ ನೇತುಹಾಕುವ ಕಿವಿ ಬಂತು. ಆ ಕಿವಿಯ ತೂತಿನ ಹಳೆಯ ಕಂಪಾನ್ಯೊಲೊ ಥ್ರೆಡ್ 10 ಮಿ.ಮೀ. x 26 ಟಿಪಿಐ. ಈಗಿನದು 10x1. ಎರಡೂ ಹತ್ತಿರ ಇರುವುದರಿಂದ ಹೊಸ ಡಿರೇಲರ್ ತಿರುಗಿಸಿ ಕೂರಿಸಿದವರು ಎಷ್ಟೋ ಜನ; ಹಾಗೆ ಮಾಡಿದಲ್ಲಿ ಥ್ರೆಡ್ ಗೇಜ್ ಎರಡೂ ಎಲೆಗೆ ಸರಿಯಾಗಿ ಕೂರುವುದಿಲ್ಲ.

ಉದ್ದ ಸಮತಲ ಸೀಳು 1970ರ ದಶಕದವರೆಗೆ ಸಾಮಾನ್ಯ. ಸೀಳು ಬರಬರುತ್ತಾ ಗಿಡ್ಡವಾಯಿತು, 80ರ ದಶಕದಲ್ಲಿ ಲಂಬ ಸೀಳೂ ಕಾಣಿಸಿಕೊಂಡಿತು. ಮಡ್‌ಗಾರ್ಡ್ ಸ್ಕ್ರೂ ತೂತು ಹಳೆಯ ರೇಸಿಂಗ್ ಫ್ರೇಮಿನಲ್ಲಿ ಇದ್ದರೆ ಆಶ್ಚರ್ಯ ಬೇಡ. ಆದರೆ ಅದನ್ನು ಗರಗಸದಿಂದ ಕತ್ತರಿಸಿ ಉಜ್ಜಿದ ಕಲೆ ಇದೆಯೇ ನೋಡಿ. 80ರ ದಶಕದವರ ನೆಚ್ಚಿನ ‘ಸುಧಾರಣೆ’ ಅದು.

ಎರಡು ಡ್ರಾಪ್‌ಔಟ್‌ಗಳ ನಡುವಿನ ಅಂತರ ಅಳೆಯಿರಿ. ಐದು ಗೇರಿನ ಕಾಲದಲ್ಲಿ 120 ಮಿ.ಮೀ., ಆರು ಏಳು ಗೇರಿನ ಕಾಲದಲ್ಲಿ, ಅಂದರೆ 70ರ ಕೊನೆಯಿಂದ 80ರ ದಶಕದುದ್ದಕ್ಕೂ, 126. ಎಂಟು ಗೇರು ಬಂದು 1990ರ ಹೊತ್ತಿಗೆ 130. ಆದರೆ ಉಕ್ಕನ್ನು ಹಿಗ್ಗಿಸಬಹುದು. ಹಿಗ್ಗಿಸಿದ ಫ್ರೇಮಿನಲ್ಲಿ ಡ್ರಾಪ್‌ಔಟ್‌ಗಳು ಒಂದಕ್ಕೊಂದು ಸಮಾನಾಂತರವಾಗಿರದೆ ಬಾಯಿ ತೆರೆದಂತೆ ನಿಲ್ಲುತ್ತವೆ. ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯ) ಸುತ್ತ ದಾರ ಹಾಕಿ ಎರಡೂ ಡ್ರಾಪ್‌ಔಟ್‌ಗೆ ಎಳೆದು ಕಟ್ಟಿ, ಸೀಟ್ ಟ್ಯೂಬಿನಿಂದ ಎರಡೂ ಕಡೆಯ ದಾರಕ್ಕೆ ಇರುವ ದೂರ ಹೋಲಿಸಿ. ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅಪಘಾತ ಅಥವಾ ಒರಟು ಹಿಗ್ಗಿಸುವಿಕೆ ಆಗಿದೆ.

ನಾಲ್ಕನೆಯದು: ಬೆಸೆದ ಸಣ್ಣ ತುಣುಕುಗಳು

ಕಾಲ ನಿರ್ಣಯದ ನಿಜವಾದ ಸಾಮಗ್ರಿ ಇಲ್ಲಿದೆ. 1970ರ ದಶಕದ ಮಧ್ಯದವರೆಗೆ ಇಟಾಲಿಯನ್ನರು ತೆಳು ಕೊಳವೆಯ ಮೇಲೆ ಅನಗತ್ಯ ಬೆಂಕಿ ಬೀಳಬಾರದೆಂದು ಎಲ್ಲವನ್ನೂ ಕ್ಲಿಪ್ಪು, ಪಟ್ಟಿಗಳಿಂದಲೇ ಕಟ್ಟುತ್ತಿದ್ದರು. ಆಮೇಲಿನ ಹತ್ತೇ ವರ್ಷದಲ್ಲಿ ಒಂದೊಂದಾಗಿ ಎಲ್ಲವೂ ಬೆಸುಗೆಯಾಗಿ ಫ್ರೇಮಿಗೇ ಸೇರಿಕೊಂಡವು. ಆ ಸೇರಿಕೆಯ ಕ್ರಮವೇ ನಮಗೆ ಪಂಚಾಂಗ.

ಹಿಂಬದಿ ಬ್ರೇಕಿನ ಕೇಬಲ್ ಟಾಪ್ ಟ್ಯೂಬ್ ಮೇಲೆ ಮೂರು ಕ್ರೋಮ್ ಕ್ಲಿಪ್ಪುಗಳಲ್ಲಿ ಹೋಗುತ್ತಿದ್ದರೆ 70ರ ದಶಕದ ಮಧ್ಯ ಅಥವಾ ಅದಕ್ಕೂ ಹಿಂದೆ. ಬೆಸೆದ ಕೊಂಡಿಗಳಿದ್ದರೆ ಅದರ ನಂತರ. ಕೇಬಲ್ ಟಾಪ್ ಟ್ಯೂಬಿನ ಒಳಗೇ ನುಸುಳಿದರೆ ಹೆಚ್ಚಾಗಿ 80ರ ದಶಕ.

ಗೇರ್ ಲಿವರ್ ಪಟ್ಟಿಯಿಂದ ಕಟ್ಟಿದ್ದರೆ 70ರ ದಶಕ ಅಥವಾ ಹಿಂದೆ. ಡೌನ್ ಟ್ಯೂಬಿಗೆ ಗುಬುಟು ಬೆಸೆದಿದ್ದರೆ 70ರ ಕೊನೆಯಿಂದ ಈಚೆಗೆ. ಪಟ್ಟಿಯ ಕಾಲದಲ್ಲೂ ಅದು ಕೆಳಕ್ಕೆ ಜಾರದಂತೆ ಪುಟ್ಟ ಮೊಳೆಯಂಥ ತಡೆಯನ್ನು ಬೆಸೆಯುತ್ತಿದ್ದರು, ಅದನ್ನು ಗುಬುಟು ಎಂದು ಎಣಿಸಬೇಡಿ.

ನೀರಿನ ಬಾಟಲಿಗೆ ತೂತೇ ಇಲ್ಲದಿದ್ದರೆ ಹಳೆಯದು. ಡೌನ್ ಟ್ಯೂಬ್ ಮೇಲೆ ಒಂದು ಜೊತೆ ತೂತು ಇದ್ದರೆ 70ರ ಕೊನೆಯ ಭಾಗ. ಸೀಟ್ ಟ್ಯೂಬ್ ಮೇಲೂ ಎರಡನೇ ಜೊತೆ ಇದ್ದರೆ 80ರ ದಶಕ.

ಗೇರ್ ಕೇಬಲ್ ಶೆಲ್ಲಿನ ಮೇಲಿನಿಂದ, ಬೆಸೆದ ಪುಟ್ಟ ನಳಿಗೆಗಳ ಮೂಲಕ ಹೋದರೆ 70ರ ದಶಕದ ಪದ್ಧತಿ. ಶೆಲ್ಲಿನ ಕೆಳಗಿನಿಂದ, ಕೊರೆದ ತೋಡಿನಲ್ಲೋ ಪ್ಲಾಸ್ಟಿಕ್ ತುಂಡಿನ ಮೇಲೋ ಹರಿದರೆ 80ರ ದಶಕದ್ದು. ಮುಂದಿನ ಡಿರೇಲರನ್ನು ಹಿಡಿಯಲು ಸೀಟ್ ಟ್ಯೂಬಿಗೆ ಬೆಸೆದ ಕೊಂಡಿಯೂ 80ರ ದಶಕವನ್ನೇ ಹೇಳುತ್ತದೆ.

ಬ್ರೇಕ್ ಬೋಲ್ಟಿನ ತೂತು ಸುಲಭವಾಗಿ ಕಣ್ತಪ್ಪುವ ಸಾಕ್ಷಿ. ಹಳೆಯ ಪದ್ಧತಿಯಲ್ಲಿ ಹೊರಗೆ ಸಾಮಾನ್ಯ ನಟ್ಟು, ಎರಡೂ ಬದಿಯ ತೂತು ಒಂದೇ ಗಾತ್ರ. 1980ರ ಆಚೀಚೆ ಅಲೆನ್ ಕೀ ನಟ್ಟು ಒಳಗೆ ಹುದುಗಿ ಕೂರುವಂತೆ ಹಿಂಬದಿಯ ತೂತು 8 ಮಿ.ಮೀ. ಆಯಿತು. ಇದನ್ನು ಆಮೇಲೆ ಡ್ರಿಲ್ ಮಾಡಿಸಿದವರು ತುಂಬಾ ಜನ. ಕಾರ್ಖಾನೆಯ ತೂತಿನ ಅಂಚಿಗೆ ಬಣ್ಣ ಅಥವಾ ಕ್ರೋಮ್ ಸುತ್ತಿಕೊಂಡಿರುತ್ತದೆ, ಆಮೇಲೆ ಕೊರೆದ ತೂತಿನ ಅಂಚು ಬೋಳಾಗಿ ತುಕ್ಕು ಹಿಡಿದಿರುತ್ತದೆ.

ಈ ವರ್ಷಗಳನ್ನು ಒಂದೆರಡು ವರ್ಷ ಆಚೀಚೆ ಹಿಡಿಯಿರಿ. ಒಂದೇ ಕಾರ್ಯಾಗಾರದಲ್ಲಿ ಒಂದೇ ತಿಂಗಳಲ್ಲಿ ಎರಡೂ ಪದ್ಧತಿಯ ಫ್ರೇಮುಗಳು ಹೊರಬಿದ್ದಿವೆ, ಗಿರಾಕಿ ಕೇಳಿದಂತೆ. ಹಳೆಯ ಫ್ರೇಮಿಗೆ ಮರುಬಣ್ಣ ಮಾಡಿಸುವಾಗ ಬಾಟಲಿ ತೂತು, ಲಿವರ್ ಗುಬುಟು ಸೇರಿಸುವುದು 80ರ ದಶಕದಲ್ಲಿ ಮಾಮೂಲಾಗಿತ್ತು. ಅಂಥ ಸೇರ್ಪಡೆಯ ಗುರುತು ಕೊಳವೆಯ ಒಳಗೆ ಸಿಗುತ್ತದೆ. ಬಾಟಲಿ ತೂತಿನ ಹಿಂಬದಿಗೆ ಶೆಲ್ಲಿನ ಕಡೆಯಿಂದ ಕನ್ನಡಿ ಹಿಡಿಯಿರಿ: ಬೆಸುಗೆಯ ಸುತ್ತ ಸುಟ್ಟ ಕಲೆ ಬೇರೆ ಕಡೆಗಿಂತ ಹೊಸದಾಗಿ ಕಾಣುತ್ತದೆಯೇ? ಹೊರಗಡೆ, ಪಟ್ಟಿ ಕೂತಿದ್ದ ಜಾಗದಲ್ಲಿ ಬಣ್ಣದ ಪದರದಡಿ ಉಂಗುರದಂಥ ಗೀರು ಉಳಿದಿದೆಯೇ?

ಫೋರ್ಕ್ ಅದರದ್ದೇನಾ?

ಅಪಘಾತದಲ್ಲಿ ಮೊದಲು ಹಾಳಾಗುವುದು ಫೋರ್ಕ್. ಆದ್ದರಿಂದ ಅದನ್ನು ಫ್ರೇಮಿನಿಂದ ಬೇರೆಯೇ ಆದ ವಸ್ತುವೆಂಬಂತೆ ಪರೀಕ್ಷಿಸಿ. ಹೊರತೆಗೆದು ಸ್ಟೀರರ್ ಕೊಳವೆಯನ್ನು (ಹೆಡ್ ಟ್ಯೂಬಿನೊಳಗೆ ಹೋಗುವ ಭಾಗವನ್ನು) ಕೆಳಗಿನಿಂದ ಇಣುಕಿ ನೋಡಿ. ಕೊಲಂಬಸ್‌ನ ಎಸ್‌ಎಲ್, ಎಸ್‌ಪಿ ಸ್ಟೀರರ್‌ನ ಕೆಳತುದಿಯಲ್ಲಿ ಒಳಗೆ ಐದು ಸುರುಳಿ ಏಣು ಇರುತ್ತವೆ. ಇದ್ದರೆ ಫೋರ್ಕ್ ಕೊಲಂಬಸ್‌ನದು. ಫ್ರೇಮಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತೀರಾ ಹಳೆಯ ಫೋರ್ಕುಗಳಲ್ಲಿ ಏಣು ಇಲ್ಲದಿರಬಹುದು, ಆದ್ದರಿಂದ ಇಲ್ಲದಿರುವುದೊಂದೇ ನಕಲಿಗೆ ಪುರಾವೆಯಲ್ಲ.

ಫೋರ್ಕ್ ಕ್ರೌನ್ (ಫೋರ್ಕಿನ ಎರಡು ಕಾಲು ಕೂಡುವ ಭುಜ) ಮೇಲೆ ಹೆಡ್‌ಸೆಟ್ಟಿನ ಕೆಳ ಬಳೆ, ಅಂದರೆ ಕ್ರೌನ್ ರೇಸ್, ಕೂರುವ ಜಾಗ ಇಟಾಲಿಯನ್ ಪದ್ಧತಿಯಲ್ಲಿ 26.5 ಮಿ.ಮೀ. ಸ್ಟೀರರ್ ಥ್ರೆಡ್ ಒಂದು ಇಂಚು, 24 ಟಿಪಿಐ. ಬ್ರಿಟಿಷ್ ಹೆಡ್‌ಸೆಟ್ಟಿಗೂ ಹತ್ತಿರ ಇರುವುದರಿಂದ ಇಲ್ಲಿ ಥ್ರೆಡ್ ಸಾಕ್ಷಿಯಾಗಿ ದುರ್ಬಲ. ಫ್ರೇಮಿನ ಲಗ್ಗುಗಳಲ್ಲಿ ಇರುವ ಕೊರೆತದ ಶೈಲಿ ಫೋರ್ಕ್ ಕ್ರೌನ್‌ನಲ್ಲೂ ಇದೆಯೇ, ಕ್ರೋಮ್ ಒಂದೇ ರೀತಿ ಸವೆದಿದೆಯೇ, ಬ್ರೇಕ್ ತೂತು ಫ್ರೇಮಿನ ಹಿಂದಿನ ತೂತಿನ ಪದ್ಧತಿಯದೇ ಆಗಿದೆಯೇ ನೋಡಿ. ಹಿಂದೆ ಹಳೆಯ ನಟ್ಟು, ಮುಂದೆ ಹುದುಗಿದ ಅಲೆನ್ ನಟ್ಟು ಇದ್ದರೆ ಫೋರ್ಕ್ ಬದಲಾಗಿರುವ ಸಾಧ್ಯತೆ ದೊಡ್ಡದು.

ಇದೇ ಹೊತ್ತಿನಲ್ಲಿ ಹೆಡ್ ಟ್ಯೂಬಿನ ಹಿಂದೆ, ಡೌನ್ ಟ್ಯೂಬಿನ ಕೆಳಮೈಯಲ್ಲಿ ಬೆರಳು ಆಡಿಸಿ. ಅಲ್ಲಿ ಉಬ್ಬು, ಸುಕ್ಕು, ಬಣ್ಣದ ಬಿರುಕು ಇದ್ದರೆ ಎದುರಿನಿಂದ ಗುದ್ದಿದ ಏಟು. ಅಯಸ್ಕಾಂತ ಅಂಟದ ತೇಪೆ ಸಿಕ್ಕಿದರೆ ತಗ್ಗಿಗೆ ಪುಟ್ಟಿ ತುಂಬಿದ್ದಾರೆ ಎಂದರ್ಥ.

ಯಾರ ಕೈಯ ಕೆಲಸ

ಸ್ಟಿಕ್ಕರ್ ಬಿಟ್ಟು ಉಕ್ಕಿನಲ್ಲೇ ಇರುವ ಗುರುತುಗಳು ಇವು.

ಕೊಲ್ನಾಗೊ, ಮಿಲಾನ್ ಹತ್ತಿರದ ಕಾಂಬಿಯಾಗೊ. 1970ರ ಮಿಲಾನ್-ಸಾನ್ ರೇಮೊ ಪಂದ್ಯವನ್ನು ಮಿಕೆಲೆ ದಾನ್ಚೆಲ್ಲಿ ಎರ್ನೆಸ್ಟೊ ಕೊಲ್ನಾಗೊ ಕಟ್ಟಿದ ಸೈಕಲ್ ಮೇಲೆ ಗೆದ್ದ ಬಳಿಕ ಇಸ್ಪೀಟಿನ ಕ್ಲಾವರ್ ಎಲೆ ಈ ಮನೆಯ ಗುರುತಾಯಿತು. ಹಾಗಾಗಿ ಲಗ್ಗಿನಲ್ಲಿ, ಫೋರ್ಕ್ ಕ್ರೌನ್‌ನಲ್ಲಿ ಕ್ಲಾವರ್ ಕೊರೆದ ಫ್ರೇಮನ್ನು ‘1968ರದ್ದು’ ಎಂದು ಮಾರಿದರೆ ಅದು ಸುಳ್ಳು. ಅಸಲಿ ಕ್ಲಾವರ್ ಲೋಹದೊಳಕ್ಕೆ ಇಳಿದಿರುತ್ತದೆ, ಅಂಚು ಚೂಪು. ತೆಳು ತಗಡನ್ನು ಕತ್ತರಿಸಿ ಮೇಲೆ ಬೆಸೆದದ್ದಾದರೆ ಉಗುರಿಗೆ ಮೆಟ್ಟಿಲು ಸಿಗುತ್ತದೆ. ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಕೊಳವೆಯಿರುವ ಮಾಸ್ಟರ್ 80ರ ದಶಕದ ಮಾದರಿ. ನೇರ ಕಾಲಿನ ಪ್ರೆಚೀಸಾ ಫೋರ್ಕ್ ಅದೇ ದಶಕದ ಉತ್ತರಾರ್ಧದ್ದು. ‘ಸರೊನ್ನಿ ಕೆಂಪು’ ಎಂಬ ಬಣ್ಣ 1982ರ ವಿಶ್ವ ಚಾಂಪಿಯನ್ ಜುಸೆಪ್ಪೆ ಸರೊನ್ನಿಯ ಹೆಸರಿನದ್ದು.

ಚಿನೆಲ್ಲಿ. 1943ರಲ್ಲಿ ಮಿಲಾನ್-ಸಾನ್ ರೇಮೊ ಗೆದ್ದ ಚಿನೊ ಚಿನೆಲ್ಲಿ ಕಟ್ಟಿದ ಕಂಪನಿ. ಅದರ ಸೂಪರ್‌ಕೋರ್ಸಾ ಫ್ರೇಮಿನಲ್ಲಿ ಫೋರ್ಕ್ ಕ್ರೌನ್ ಎರಡೂ ಬದಿಗೆ ಇಳಿಜಾರು. ಸೀಟ್ ಸ್ಟೇಗಳು (ಹಿಂಚಕ್ರದಿಂದ ಸೀಟಿನತ್ತ ಏರುವ ಕೊಳವೆಗಳು) ಲಗ್ಗಿನ ಹಿಂಬದಿಗೆ ಬಂದು ಸೇರುತ್ತವೆ, ಸೀಟಿನ ಬೋಲ್ಟ್ ಅವುಗಳ ತುದಿಯ ಮೂಲಕವೇ ಹಾಯುತ್ತದೆ. 1978ರಲ್ಲಿ ಕಂಪನಿ ಕೊಲಂಬಸ್‌ನ ಕೊಲಂಬೊ ಕುಟುಂಬಕ್ಕೆ ಹೋದ ಮೇಲೆ ಹಳೆಯ ಲಾಂಛನ ಹೋಗಿ ರೆಕ್ಕೆಯ ‘ಸಿ’ ಬಂತು. ಹೊಸ ಲಾಂಛನವಿರುವ ‘60ರ ದಶಕದ’ ಚಿನೆಲ್ಲಿ ಕಂಡರೆ ಅದಕ್ಕೆ ಮರುಬಣ್ಣವಾದರೂ ಆಗಿದೆ.

ಮಾಸಿ. ಫಲಿಯೆರೊ ಮಾಸಿಯ ಕಾರ್ಯಾಗಾರ ಮಿಲಾನಿನ ವಿಗೊರೆಲ್ಲಿ ವೆಲೊಡ್ರೋಮಿನಲ್ಲೇ (ಸೈಕಲ್ ಪಂದ್ಯದ ಮೈದಾನದಲ್ಲೇ) ಇತ್ತು. 70ರ ದಶಕದ ಮೊದಲರ್ಧದಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡಿನಲ್ಲೂ ಅದೇ ಹೆಸರಲ್ಲಿ ಫ್ರೇಮ್ ತಯಾರಾಗತೊಡಗಿತು, ಮಿಲಾನಿನಲ್ಲಿ ಮಗ ಆಲ್ಬರ್ಟೊ ಮುಂದುವರಿಸಿದ. ಎರಡೂ ಕಡೆಯವು ಒಳ್ಳೆಯ ಕೆಲಸವೇ. ‘ಮಾಸಿ ಗ್ರಾನ್ ಕ್ರಿಟೇರಿಯಮ್’ ಎಂದು ಬರೆದಿದ್ದರೆ ಯಾವ ಊರಿನದು ಎಂದು ಕೇಳದೆ ಮುಂದಕ್ಕೆ ಹೋಗಬೇಡಿ.

ಜಿಯೋಸ್, ಟೊರಿನೊ: ನೀಲಿ ಬಣ್ಣ, ಫೋರ್ಕ್ ಕ್ರೌನ್ ಮೇಲೆ ಪುಟ್ಟ ಲೋಹದ ನಾಣ್ಯ. ಲೆನ್ಯಾನೊ: ಸೀಟ್ ಬಿಗಿಯುವ ಬೋಲ್ಟ್ ಹಿಂದೆ ಇರದೆ ಸೀಟ್ ಟ್ಯೂಬಿನ ಮುಂಬದಿಯಲ್ಲಿ, ಟಾಪ್ ಟ್ಯೂಬಿನ ಕೆಳಗೆ. ಇದನ್ನು ನಕಲು ಮಾಡುವುದು ಕಷ್ಟ, ಆದ್ದರಿಂದ ಒಂದೇ ನೋಟಕ್ಕೆ ಸಿಗುವ ಒಳ್ಳೆಯ ಪುರಾವೆ. ಬಿಯಾಂಕಿಯ ಹಳೆಯ ಸ್ಪೆಚಾಲಿಸ್ಸಿಮಾ: ಹೆಡ್‌ಸೆಟ್ಟಿನ ಕಪ್ಪುಗಳು ಹೊರಗೆ ಕಾಣದೆ ಹೆಡ್ ಟ್ಯೂಬಿನೊಳಗೇ ಹುದುಗಿರುತ್ತವೆ. ಪಿನರೆಲ್ಲೊ, ಟ್ರೆವಿಜೊ: ‘ಜಿಪಿಟಿ’ ಎಂಬ ಮೂರು ಅಕ್ಷರ. ದೆ ರೋಸಾ, ಕುಸಾನೊ ಮಿಲಾನಿನೊ: ಹೃದಯದ ಆಕಾರದ ಕೊರೆತ.

ಕಿತ್ತಳೆ ಬಣ್ಣದ ‘ಮೊಲ್ತೇನಿ ತಂಡದ ಮೆರ್ಕ್ಸ್ ಸೈಕಲ್’ ಎಂಬ ಮಾತಿಗೆ ವಿಶೇಷ ಎಚ್ಚರ ಬೇಕು. ಬೆಲ್ಜಿಯಂನ ಪ್ರಸಿದ್ಧ ಸೈಕಲ್ ಪಟು ಎಡ್ಡಿ ಮೆರ್ಕ್ಸ್ ಹೆಸರು ಹೊತ್ತ ತಂಡದ ಸೈಕಲ್ಲುಗಳನ್ನು ಆ ಕಾಲದಲ್ಲಿ ಕೊಲ್ನಾಗೊ, ಆಮೇಲೆ ದೆ ರೋಸಾ ಕಟ್ಟಿದರು. ಮೆರ್ಕ್ಸ್‌ನ ಸ್ವಂತ ಕಾರ್ಖಾನೆ ಬೆಲ್ಜಿಯಂನಲ್ಲಿ ಶುರುವಾದದ್ದು 1980ರಲ್ಲಿ. ಕಿತ್ತಳೆ ಬಣ್ಣವಾಗಲೀ, ಟಾಪ್ ಟ್ಯೂಬಿನ ಕೆಳಗೆ ಪಂದ್ಯದ ನಂಬರ್ ಕಟ್ಟಲು ಬೆಸೆದ ಕೊಂಡಿಯಾಗಲೀ ತಂಡದ ಸೈಕಲ್ ಎಂಬುದಕ್ಕೆ ಪುರಾವೆ ಅಲ್ಲ. ಅಂಗಡಿಯಲ್ಲಿ ಮಾರಿದ ಫ್ರೇಮುಗಳಲ್ಲೂ ಆ ಕೊಂಡಿ ಇತ್ತು. ಆ ಕಾಲದ ಫೋಟೋ, ಕೈಯಿಂದ ಕೈಗೆ ಬಂದ ದಾಖಲೆ ಇಲ್ಲದಿದ್ದರೆ ಅದನ್ನು ಸಾಮಾನ್ಯ ಫ್ರೇಮಿನ ಬೆಲೆಗೇ ನೋಡಿ.

ಬಣ್ಣ ಏನು ಹೇಳುತ್ತದೆ

ಬಣ್ಣದ ಇತಿಹಾಸ ಮೂಲೆಗಳಲ್ಲಿ ಉಳಿಯುತ್ತದೆ: ಸೀಟ್ ಲಗ್ಗಿನ ಸೀಳಿನೊಳಗೆ, ಹೆಡ್‌ಸೆಟ್ ಕಪ್ಪಿನ ಅಂಚಿನಡಿ, ಶೆಲ್ಲಿನ ಥ್ರೆಡ್ಡಿನಲ್ಲಿ, ಬ್ರೇಕ್ ಸೇತುವೆಯ (ಹಿಂಬದಿ ಬ್ರೇಕ್ ಕೂರುವ ಅಡ್ಡ ತುಣುಕಿನ) ಹಿಂದೆ. ಅಲ್ಲಿ ಬೇರೆ ಬಣ್ಣ ಇಣುಕಿದರೆ ಮರುಬಣ್ಣ ಆಗಿದೆ. ಬೋಲ್ಟಿನ ಥ್ರೆಡ್ ತುಂಬಾ ಬಣ್ಣ ತುಂಬಿದ್ದರೆ, ಕ್ರೋಮ್ ಮೇಲೆ ತುಂತುರು ಬಿದ್ದಿದ್ದರೆ, ಲಗ್ಗಿನ ಅಂಚುಗಳು ದಪ್ಪ ಬಣ್ಣದಡಿ ಮೊಂಡಾಗಿದ್ದರೆ ಅದೂ ಹಾಗೆಯೇ. ಅನೇಕ ಹಳೆಯ ಸ್ಟಿಕ್ಕರ್‌ಗಳು ತೆಳು ವಾರ್ನಿಶ್ ಪದರದ ಕೆಳಗಿರುತ್ತವೆ. ಬೆರಳಿಗೆ ಅಂಚು ಸಿಗುವುದಿಲ್ಲ, ಬಿರುಕುಗಳು ಸ್ಟಿಕ್ಕರ್ ಮತ್ತು ಬಣ್ಣ ಎರಡರ ಮೂಲಕವೂ ಒಟ್ಟಿಗೆ ಸಾಗುತ್ತವೆ. ಹೊಸ ವಿನೈಲ್ ಸ್ಟಿಕ್ಕರ್ ಮೇಲೆ ಕೂತಿರುತ್ತದೆ, ಅಂಚು ನೇರ, ದಪ್ಪ.

ಮರುಬಣ್ಣ ನಕಲಿಯ ಗುರುತಲ್ಲ. ಪಂದ್ಯದ ಫ್ರೇಮಿಗೆ ಮಾಲೀಕರು ಬಣ್ಣ ಮಾಡಿಸುವುದು ಸಹಜವಾಗಿತ್ತು, ಕೆಲವೊಮ್ಮೆ ಮೂಲ ಕಾರ್ಯಾಗಾರಕ್ಕೇ ಕಳಿಸಿ. ಮರುಬಣ್ಣ ಆಗಿದೆ ಎಂದರೆ ಸ್ಟಿಕ್ಕರ್‌ಗಳ ಸಾಕ್ಷಿಯನ್ನು ಪೂರ್ತಿ ಬದಿಗಿಟ್ಟು, ಉಕ್ಕಿನ ಸಾಕ್ಷಿ ಮಾತ್ರ ಉಳಿಸಿಕೊಳ್ಳಿ.

ಬಿಡಿಭಾಗಗಳು

ಇವು ಫ್ರೇಮಿನ ವರ್ಷ ಹೇಳುವುದಿಲ್ಲ, ಆದರೆ ಬೇರೆ ಸಾಕ್ಷಿಗೆ ಒತ್ತಾಸೆಯಾಗುತ್ತವೆ. ಕಂಪಾನ್ಯೊಲೊ ನುವೊವೊ ರೆಕಾರ್ಡ್ ಹಿಂಬದಿ ಡಿರೇಲರಿನ ಮೇಲೆ 70ರ ದಶಕದಿಂದ ‘ಪೇಟೆಂಟ್’ ಪದದ ಪಕ್ಕ ಎರಡಂಕಿ ಇರುತ್ತದೆ, ಅದೇ ತಯಾರಾದ ವರ್ಷ. ಹಿಂಬದಿ ಹಬ್ಬಿನ ಲಾಕ್ ನಟ್ಟಿನ ಮೇಲೆ ‘ಸಿಎಎಂ’ ಅಕ್ಷರಗಳ ಜೊತೆ ವರ್ಷದ ಎರಡಂಕಿ ಸಿಗಬಹುದು. ರೆಕಾರ್ಡ್ ಕ್ರ್ಯಾಂಕಿನ ಹಿಂಬದಿಯಲ್ಲಿ ವಜ್ರಾಕಾರದೊಳಗೆ ಒಂದಂಕಿ ಇದ್ದರೆ 70ರ ದಶಕ, ವೃತ್ತದೊಳಗೆ ಇದ್ದರೆ 80ರ ದಶಕ. ಎಲ್ಲವೂ ಒಂದೆರಡು ವರ್ಷದ ಅಂತರದಲ್ಲಿ ಕೂಡಿಬಂದು, ಉಕ್ಕು ಹೇಳುವ ಕಾಲಕ್ಕೂ ಹೊಂದಿದರೆ ಸೈಕಲ್ ಹುಟ್ಟಿದಾಗಿನಂತೆಯೇ ಉಳಿದಿದೆ ಎನ್ನಲು ಧೈರ್ಯ ಬರುತ್ತದೆ. ಡಿರೇಲರ್ ಒಂದೇ ನೋಡಿ ಫ್ರೇಮಿಗೆ ವರ್ಷ ಕೊಡುವುದು ಮಾರಾಟಗಾರರ ಅಭ್ಯಾಸ, ನಿಮ್ಮದಾಗದಿರಲಿ.

ಕೂಡಿಸಿ ನೋಡುವುದು

ಒಂದು ಉದಾಹರಣೆ. ‘ಕೊಲ್ನಾಗೊ ಸೂಪರ್, 1972, ಮೂಲ ಬಣ್ಣ’ ಎಂದು ಮಾರಾಟಕ್ಕಿದೆ ಎನ್ನಿ. ಶೆಲ್ 70 ಮಿ.ಮೀ., 36x24, ಸೀಟ್ ಪೋಸ್ಟ್ 27.2, ಕ್ರೌನ್‌ನಲ್ಲಿ ಆಳವಾಗಿ ಕೊರೆದ ಕ್ಲಾವರ್. ಡಿರೇಲರಿನ ಮೇಲೆ 72. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಹಿಂಬದಿ ಅಂತರ 126, ಬಾಟಲಿಗೆ ಎರಡು ಜೊತೆ ತೂತು, ಕೇಬಲ್ ಶೆಲ್ಲಿನ ಕೆಳಗಿನಿಂದ, ಬ್ರೇಕ್ ನಟ್ಟು ಹುದುಗಿದ್ದು. ನಾಲ್ಕೂ ಆಮೇಲೆ ಮಾಡಿಸಿದ್ದಾದರೆ ಮರುಬಣ್ಣ ಆಗಲೇಬೇಕಿತ್ತು. ಆಗ ‘ಮೂಲ ಬಣ್ಣ’ ಎಂಬ ಮಾತು ಸುಳ್ಳಾಗುತ್ತಿತ್ತು. ಆದರೆ ಮೂಲೆಗಳಲ್ಲಿ ಒಂದೇ ಬಣ್ಣ ಇದೆ, ಸೀಟ್ ಟ್ಯೂಬಿನೊಳಗೆ ಬೆಸುಗೆಯ ಹೊಸ ಕಲೆ ಇಲ್ಲ. ಆದ್ದರಿಂದ ಇದು ಅಸಲಿ ಕೊಲ್ನಾಗೊ, ಕಾಲ 80ರ ದಶಕದ ಮೊದಲರ್ಧ, ಡಿರೇಲರ್ ಬೇರೆ ಕಡೆಯಿಂದ ಬಂದದ್ದು. ಫ್ರೇಮಿನ ಗುಣಕ್ಕೆ ಇದರಿಂದ ಕುಂದಿಲ್ಲ, ಬೆಲೆಗೆ ಮಾತ್ರ ದೊಡ್ಡ ವ್ಯತ್ಯಾಸ.

ದೂರದಿಂದ ಕೊಳ್ಳುವಾಗ

ಬೆಂಗಳೂರಿನಿಂದಲೋ ಬೇರೆ ದೇಶದಿಂದಲೋ ಫೋಟೋ ನೋಡಿಯೇ ಕೊಳ್ಳುವವರು ಹೆಚ್ಚು. ಆಗ ಈ ಫೋಟೋಗಳನ್ನು ಕೇಳಿ: ಶೆಲ್ಲಿನ ತಳ, ಅಗಲದ ಮೇಲೆ ಕ್ಯಾಲಿಪರ್ ಇಟ್ಟು, ಬಲಗಡೆ ಕಪ್ಪಿನ ಮುಖ, ಡ್ರಾಪ್‌ಔಟ್ ಎರಡೂ, ಒಳಗಿನಿಂದ ಹೊರಗಿನಿಂದ, ಸೀಟ್ ಲಗ್ ಹಿಂದಿನಿಂದ, ಬ್ರೇಕ್ ಸೇತುವೆ ಹಿಂದಿನಿಂದ, ಫೋರ್ಕ್ ಕ್ರೌನ್ ಮುಂದಿನಿಂದ ಮತ್ತು ಕೆಳಗಿನಿಂದ, ಹೆಡ್ ಲಗ್ಗಿನ ಹಿಂದಿನ ಡೌನ್ ಟ್ಯೂಬ್, ಓರೆ ಬೆಳಕಿನಲ್ಲಿ, ಸೀಟ್ ಪೋಸ್ಟಿನ ಮೇಲಿನ ಅಂಕಿ. ಸೀಟ್ ಪೋಸ್ಟ್ ಮತ್ತು ಹ್ಯಾಂಡಲ್ ಸ್ಟೆಮ್ ಅಲ್ಲಾಡುತ್ತವೆಯೇ ಎಂದು ಬರಹದಲ್ಲಿ ಉತ್ತರ ಪಡೆಯಿರಿ; ಅಲ್ಯೂಮಿನಿಯಂ ಪೋಸ್ಟ್ ಉಕ್ಕಿನೊಳಗೆ ಕಚ್ಚಿಕೊಂಡಿದ್ದರೆ ಬಿಡಿಸುವ ಖರ್ಚು ಫ್ರೇಮಿನ ಬೆಲೆಯನ್ನೇ ಮುಟ್ಟಬಹುದು. ಇಷ್ಟು ಫೋಟೋ ಕೊಡಲು ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ.

ಫ್ರೇಮ್ ಕೈಗೆ ಬಂದ ಮೇಲೆ ಎಲ್ಲ ಅಳತೆ, ಫೋಟೋ ಒಂದು ಕಡೆ ಬರೆದಿಡಿ. ತೀರ್ಮಾನ ಬರೆಯುವಾಗ ಒಂದೇ ವರ್ಷ ಬರೆಯದೆ, ‘1979–82, ಫ್ರೇಮ್ ಅಸಲಿ, ಫೋರ್ಕ್ ಅದೇ ಕಾಲದ್ದು, ಮರುಬಣ್ಣ ಆಗಿದೆ, ಹಿಂಬದಿ ಹಿಗ್ಗಿಸಿಲ್ಲ’ ಎಂಬಂತೆ ಬರೆಯಿರಿ, ಪ್ರತಿಯೊಂದರ ಮುಂದೆ ಯಾವ ಸಾಕ್ಷಿಯಿಂದ ಎಂದು ಸೇರಿಸಿ. ದೆ ರೋಸಾ, ಗ್ರೊಸ್ಸೆಟೊದ ತೊಮ್ಮಾಸೀನಿಯಂಥ ಮನೆತನಗಳು ಈಗಲೂ ಕೆಲಸದಲ್ಲಿವೆ. ಈ ಟಿಪ್ಪಣಿಯನ್ನು ಫೋಟೋಗಳ ಜೊತೆ ಅವರಿಗೆ ಕಳಿಸಿ ಕೇಳಿದರೆ, ಬರೀ ‘ಇದು ಯಾವ ವರ್ಷದ್ದು’ ಎಂಬ ಪ್ರಶ್ನೆಗಿಂತ ಉತ್ತರ ಬರುವ ಸಾಧ್ಯತೆ ಹೆಚ್ಚು.